ಕಾಗದದ ಓದು, ಮೊಬೈಲ್ ಓದು: ಎಷ್ಟು ಜನ ಬೇಕು?

ಪ್ರಶ್ನೆ:
ಕಾಗದದಲ್ಲಿ ಓದಿದ್ದು ಹೆಚ್ಚು ನೆನಪಿರುತ್ತದೋ ಮೊಬೈಲಿನಲ್ಲಿ ಓದಿದ್ದೋ ಎಂದು ಅಳೆಯುವ ಎಂ.ಎ. ಪ್ರಾಜೆಕ್ಟ್. 15-15 ಜನರ ಎರಡು ಗುಂಪು ಸಾಕೇ? ಓದಬೇಕಾದ ಸಂಶೋಧನಾ ಲೇಖನಗಳ ಪಿಡಿಎಫ್‌ಗಳೂ ಡೌನ್‌ಲೋಡ್ಸ್‌ನಲ್ಲಿ ರಾಶಿ ಬಿದ್ದಿವೆ, ಹೇಗೆ ಜೋಡಿಸಲಿ?

ಉತ್ತರ 1:
ಸಾಲದು. ಮಧ್ಯಮ ಗಾತ್ರದ ವ್ಯತ್ಯಾಸ (ಕೋಹೆನ್ ಡಿ 0.5, ಅಂದರೆ ಸರಾಸರಿಗಳ ಅಂತರ ಅಂಕಗಳ ಪ್ರಮಾಣಿತ ವಿಚಲನೆಯ ಅರ್ಧದಷ್ಟು) ಹಿಡಿಯಲು 5% ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಅಪಾಯ 5%) 80% ಪವರ್ (ಇರುವ ವ್ಯತ್ಯಾಸ ಸಿಗುವ ಸಾಧ್ಯತೆ) ಬೇಕೆಂದರೆ ಗುಂಪಿಗೆ 64 ಜನ ಬೇಕು. ಒಬ್ಬರಿಂದಲೇ ಎರಡೂ ಓದಿಸಿದರೆ ಅಷ್ಟೇ ಗಾತ್ರಕ್ಕೆ ಒಟ್ಟು 34 ಸಾಕು. ಆದರೆ ಒಂದೇ ಪಠ್ಯವನ್ನು ಎರಡು ಸಲ ಕೊಡುವಂತಿಲ್ಲ. ಎರಡು ಪಠ್ಯ ಇಟ್ಟುಕೊಳ್ಳಿ. ಯಾವ ಪಠ್ಯ ಯಾವುದರಲ್ಲಿ, ಯಾವುದು ಮೊದಲು ಎಂಬುದನ್ನು ಅದಲುಬದಲು ಮಾಡಿದರೆ ನಾಲ್ಕು ಸರದಿ ಆಗುತ್ತದೆ. ಹಾಗಾಗಿ 36 ಜನ, ಸರದಿಗೆ 9. ಹೀಗೆ ಅದಲುಬದಲು ಮಾಡದಿದ್ದರೆ ಎರಡನೇ ಓದಿನಲ್ಲಿ ಅಂಕ ಇಳಿದದ್ದು ಮೊಬೈಲಿನಿಂದಲೋ ದಣಿವಿನಿಂದಲೋ ದೇವರಿಗೇ ಗೊತ್ತು.

ಉತ್ತರ 2:
ನೈತಿಕ ಸಮಿತಿಯ (ಜನರ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಸಮಿತಿ) ಒಪ್ಪಿಗೆ ಕೈಗೆ ಬರುವ ಮುಂಚೆ ಒಬ್ಬರನ್ನೂ ಕೂರಿಸಬೇಡಿ, ಆಮೇಲೆ ತೆಗೆದುಕೊಂಡರೆ ನಡೆಯುವುದಿಲ್ಲ. ಎಷ್ಟು ಹೊತ್ತು, ಏನು ಮಾಡಬೇಕು, ಕಾರಣ ಹೇಳದೆ ನಡುವೆಯೇ ಬಿಡಬಹುದು ಎಂಬುದೆಲ್ಲ ಸಮ್ಮತಿ ಪತ್ರದಲ್ಲಿರಲಿ. ಯಾರ ಹೆಸರಿಗೆ ಯಾವ ಕೋಡ್ ಎಂಬ ಪಟ್ಟಿಯನ್ನು ಅಂಕಗಳ ಫೈಲಿನಿಂದ ದೂರ ಇಟ್ಟು ಪಾಸ್‌ವರ್ಡ್ ಹಾಕಿ. ನಾಲ್ಕೈದು ಜನರ ಮೇಲೆ ಪೈಲಟ್ (ಮೊದಲೇ ಸಣ್ಣ ಪ್ರಯೋಗ) ಮಾಡಿ: ಎಲ್ಲರೂ 10ಕ್ಕೆ 9-10 ತೆಗೆದರೆ ಪ್ರಶ್ನೆ ತೀರಾ ಸುಲಭ, ವ್ಯತ್ಯಾಸ ಇದ್ದರೂ ಕಾಣುವುದಿಲ್ಲ.

ಉತ್ತರ 3:
ಪಿಡಿಎಫ್‌ಗಳನ್ನು ಝೊಟೆರೊಗೆ (ಲೇಖನಗಳನ್ನು ಜೋಡಿಸಿಡುವ ಸಾಫ್ಟ್‌ವೇರ್) ಎಳೆದು ಹಾಕಿ, ಹೆಚ್ಚಿನವಕ್ಕೆ ವಿವರ ತಾನೇ ತುಂಬುತ್ತದೆ. ಸ್ಕ್ಯಾನ್ ಪ್ರತಿಗಳಿಗೆ ಡಿಒಐ (ಲೇಖನದ ಗುರುತು ಸಂಖ್ಯೆ) ಕೈಯಾರೆ ಕೊಡಿ. ಟ್ಯಾಗ್ ಹಚ್ಚುತ್ತಾ ಕೂರುವುದು ವ್ಯರ್ಥ. ಅದರ ಬದಲು ಒಂದು ಶೀಟ್‌ನಲ್ಲಿ ಲೇಖನಕ್ಕೊಂದು ಸಾಲು: ಎಷ್ಟು ಜನ, ಯಾವ ಪರೀಕ್ಷೆ, ಓದಿದ ಎಷ್ಟು ಹೊತ್ತಿಗೆ ಕೇಳಿದರು, ಫಲಿತಾಂಶ, ನಿಮ್ಮ ತಕರಾರು. ಫಲಿತಾಂಶಗಳು ಒಂದಕ್ಕೊಂದು ಹೊಂದದಿದ್ದಾಗ ಮೊದಲು ಆ ಮೂರನೇ ಕಾಲಂ ನೋಡಿ.