ಸದ್ದು ಎಡಿಟ್ ಮಾಡುವ ಸಾಫ್ಟ್‌ವೇರ್ ಅಡೋಬಿ ಆಡಿಷನ್‌ನ ಐದು ಕ್ಲಿಪ್‌ಬೋರ್ಡ್‌ಗಳಲ್ಲಿ (ಕಾಪಿ ಮಾಡಿದ್ದು ಕೂರುವ ಜಾಗ) ಏನೇನು ಇಟ್ಟುಕೊಳ್ಳಬೇಕು?

ಕೋಥರೂಡ್_ಕತೆ:
ಪುಣೆಯ ಫ್ಲ್ಯಾಟಿನಲ್ಲೇ ಮಕ್ಕಳ ಕನ್ನಡ ಕತೆಗಳ ರೆಕಾರ್ಡಿಂಗ್ ನಡೆಯುತ್ತಿದೆ, ಎಡಿಟಿಂಗ್ ಅಡೋಬಿ ಆಡಿಷನ್‌ನಲ್ಲಿ. ಕೆಮ್ಮು, ರಿಕ್ಷಾ ಹಾರ್ನ್ ಇದ್ದಲ್ಲಿ ರೂಮ್ ಟೋನ್ (ಯಾರೂ ಮಾತಾಡದಾಗ ಕೋಣೆಯಲ್ಲಿ ಕೇಳುವ ಸಹಜ ಸದ್ದು) ತುಂಬಬೇಕು, ಅಧ್ಯಾಯದ ನಡುವೆ ತಂಬೂರಿ ತುಣುಕು ಬರಬೇಕು. ಒಂದನ್ನು ಕಾಪಿ ಮಾಡಿದರೆ ಇನ್ನೊಂದು ಅಳಿಸಿಹೋಗುತ್ತದೆ. ಟೋನ್ ಪೇಸ್ಟ್ ಮಾಡಿದರೆ ಮುಂದಿನ ಮಾತೆಲ್ಲ ಜರುಗುತ್ತದೆ. ವಿಡಿಯೋಗೆ ಹೊಂದಿಸಬೇಕಾದ್ದರಿಂದ ಉದ್ದ ಬದಲಾಗಬಾರದು.

ಡೊಂಬಿವಲಿ_ಧ್ವನಿ:
ವೇವ್‌ಫಾರ್ಮ್ ಎಡಿಟರ್‌ನಲ್ಲಿ ಎಡಿಟ್ ಮೆನುಗೆ ಹೋಗಿ 'ಸೆಟ್ ಕರೆಂಟ್ ಕ್ಲಿಪ್‌ಬೋರ್ಡ್' ತೆರೆಯಿರಿ, 1ರಿಂದ 5ರಲ್ಲಿ ಒಂದನ್ನು ಆರಿಸಿ. ಆಮೇಲೆ ಕಾಪಿ, ಕಟ್, ಪೇಸ್ಟ್ ಎಲ್ಲ ಅದರ ಮೇಲೆಯೇ. ಕೆಮ್ಮನ್ನು ಕಟ್ ಮಾಡಬೇಡಿ, ಕ್ಲಿಪ್‌ಬೋರ್ಡಿನಲ್ಲಿದ್ದ ಟೋನ್ ಹೋಗಿ ಆ ಜಾಗದಲ್ಲಿ ಕೆಮ್ಮು ಕೂರುತ್ತದೆ!

ಜರುಗುವುದು ಯಾಕೆಂದರೆ, ಮಾಮೂಲಿ ಪೇಸ್ಟ್ ನಡುವೆ ತೂರಿಸುತ್ತದೆ. 0.8 ಸೆಕೆಂಡ್ ಆಯ್ದು 2 ಸೆಕೆಂಡಿನ ಟೋನ್ ಹಾಕಿದರೆ ಫೈಲ್ 1.2 ಸೆಕೆಂಡ್ ಬೆಳೆಯಿತು. ಬದಲಿಗೆ 'ಮಿಕ್ಸ್ ಪೇಸ್ಟ್' ತೆಗೆದು 'ಓವರ್‌ರೈಟ್' ಆರಿಸಿ. ಕರ್ಸರ್ ಇದ್ದಲ್ಲಿಂದ ಕ್ಲಿಪ್‌ಬೋರ್ಡಿನಲ್ಲಿ ಇರುವಷ್ಟು ಉದ್ದ ಅಳಿಸಿ ಬರೆಯುತ್ತದೆ, ಫೈಲಿನ ಉದ್ದ ಹಾಗೇ ಇರುತ್ತದೆ. ಆದರೆ ಟೋನ್ ಉದ್ದವಾಗಿದ್ದರೆ ಮುಂದಿನ ಪದವನ್ನೂ ನುಂಗುತ್ತದೆ. ಹಾಗಾಗಿ ಅಳತೆಯ ತುಂಡುಗಳೇ ಬೇಕು: ಒಂದನೇ ಕ್ಲಿಪ್‌ಬೋರ್ಡಿನಲ್ಲಿ 0.25 ಸೆಕೆಂಡ್, ಎರಡರಲ್ಲಿ 0.5, ಮೂರರಲ್ಲಿ 1. 'ಸೆಲೆಕ್ಷನ್/ವ್ಯೂ' ಪ್ಯಾನೆಲ್‌ನ ಡ್ಯುರೇಷನ್ ಕಾಲಮ್ಮಿನಲ್ಲಿ ಅಂಕಿ ಟೈಪ್ ಮಾಡಿದರೆ ಕರಾರುವಾಕ್ಕಾಗಿ ಸಿಗುತ್ತದೆ. 0.8ರ ಜಾಗಕ್ಕೆ 0.5, ಅದರ ಬೆನ್ನಿಗೆ 0.25. ಉಳಿದ ಚೂರು ತಾನಾಗಿ ಸ್ತಬ್ಧವಾಗಿದ್ದರೆ ಬಿಡಿ, ಇಲ್ಲವಾದರೆ 0.25ನ್ನೇ ಸ್ವಲ್ಪ ಹಿಂದಿನಿಂದ ಇನ್ನೊಮ್ಮೆ ಹಾಕಿ. 'ಮಿಕ್ಸ್ ಪೇಸ್ಟ್' ಕಿಟಕಿಯಲ್ಲೇ ಕ್ರಾಸ್‌ಫೇಡ್ (ಎರಡು ಸದ್ದುಗಳನ್ನು ಅಂಚಿನಲ್ಲಿ ಮೆಲ್ಲಗೆ ಬೆರೆಸುವುದು) 10 ಮಿಲಿಸೆಕೆಂಡ್ ಇಟ್ಟರೆ ಅಂಚಿನ 'ಟಿಕ್' ಸದ್ದು ಬಾರದು.

ನಾಲ್ಕನೆಯದು ಮಳೆ ಸದ್ದಿರುವ ಟೋನ್‌ಗೆ. ಜುಲೈಯಲ್ಲಿ ಫ್ಯಾನ್ ಸದ್ದಿನ ಟೋನನ್ನು ಮಳೆ ಸದ್ದಿನ ನಡುವೆ ಹಾಕಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಐದರಲ್ಲಿ ತಂಬೂರಿ.

ಮಡಗಾಂವ್_ಮೈಕ್:
ಒಂದು ಸೇರಿಸುತ್ತೇನೆ. ಟೋನ್ ತುಂಬಿದ ಮೇಲೆಯೇ ನಾಯ್ಸ್ ರಿಡಕ್ಷನ್ (ಹಿನ್ನೆಲೆಯ ಗದ್ದಲ ತಗ್ಗಿಸುವುದು) ಮಾಡಿ. ಮೊದಲೇ ಮಾಡಿಬಿಟ್ಟಿದ್ದರೆ, ಶುದ್ಧ ಮಾಡಿದ ಫೈಲಿನಿಂದಲೇ ಟೋನ್ ಎತ್ತಿಕೊಳ್ಳಿ. ಹಳೆಯದನ್ನು ಹಾಕಿದರೆ ಆ ಜಾಗದಲ್ಲಿ ಮಾತ್ರ ಗೊರಗೊರ ಎದ್ದು ಕೇಳಿಸುತ್ತದೆ.

ಎರಡು ಫೈಲುಗಳ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದಿದೆ ಎಂಬ ಲೆಕ್ಕ) ಬೇರೆಯಿದ್ದರೆ ಆಡಿಷನ್ ತಾನೇ ಬದಲಿಸಿಕೊಳ್ಳುತ್ತದೆ, ಚಿಂತೆಯಿಲ್ಲ. ಆದರೆ ಕ್ಲಿಪ್‌ಬೋರ್ಡ್ ಗೋದಾಮಲ್ಲ. ಟೋನ್, ತಂಬೂರಿ ಎರಡನ್ನೂ ಬೇರೆ ವೇವ್ ಫೈಲ್ ಮಾಡಿ ಇಟ್ಟುಕೊಳ್ಳಿ.

ಕೋಥರೂಡ್_ಕತೆ:
ನನ್ನ ಜೊತೆಯವರು ಆಡಾಸಿಟಿ ಬಳಸುತ್ತಾರೆ, ಅಲ್ಲಿಯೂ ಹೀಗೇ ಇದೆಯೇ?

ಡೊಂಬಿವಲಿ_ಧ್ವನಿ:
ಇಲ್ಲ, ಅಲ್ಲಿ ಒಂದೇ ಕ್ಲಿಪ್‌ಬೋರ್ಡ್. ಪ್ರಾಜೆಕ್ಟಿನ ಕೆಳಗೆ ಇನ್ನೊಂದು ಟ್ರ್ಯಾಕ್ ಮಾಡಿ ತುಂಡುಗಳನ್ನು ಸಾಲಾಗಿ ಇಟ್ಟು ಮ್ಯೂಟ್ ಮಾಡಲು ಹೇಳಿ. ಮ್ಯೂಟ್ ಆದದ್ದು ಎಕ್ಸ್‌ಪೋರ್ಟ್‌ಗೆ ಸೇರುವುದಿಲ್ಲ.