ಸ್ಪ್ಲೆಂಡರ್ ಡಿಪ್‌ಸ್ಟಿಕ್‌ನಲ್ಲಿ ಬಿಳಿ ನೊರೆ: ಮನೆಯಲ್ಲೇ ಆಯಿಲ್ ಬದಲಿಸಬಹುದಾ?

ಅಡಿಕೆತೋಟದ_ಹುಡುಗ

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪನ ಹಳೇ ಸ್ಪ್ಲೆಂಡರ್ ಪ್ಲಸ್ ಈಗ ನನ್ನ ಕೈಗೆ ಬಂದಿದೆ. ಓಡೋದು ಬರೀ ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ. ನಿನ್ನೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಬಿಚ್ಚಿದರೆ ಮುಚ್ಚಳದೊಳಗೆಲ್ಲ ಬಿಳಿ ನೊರೆ, ಆಯಿಲ್ ನೋಡಿದರೆ ಹಾಲು ಜಾಸ್ತಿಯಾದ ಕಾಫಿ ಬಣ್ಣ. ಪಕ್ಕದ ಮನೆಯವರು ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗ ಸೋರದ ಹಾಗೆ ಕೂರಿಸೋ ಪದರ) ಹೋಗಿದೆ, ಇಂಜಿನ್ ಇಳಿಸಬೇಕು ಅಂತ ಹೆದರಿಸಿದ್ದಾರೆ. ಸದ್ಯಕ್ಕೆ ಆಯಿಲ್ ನಾನೇ ಬದಲಿಸೋಣ ಅಂತಿದ್ದೀನಿ. ಡೀಸೆಲ್ ಹಾಕಿ ಒಳಗೆ ತೊಳೀಬೇಕಾ? ಕಾರಿಗೆ ತಂದ ಆಯಿಲ್ ಅರ್ಧ ಕ್ಯಾನ್ ಉಳಿದಿದೆ, ಅದನ್ನೇ ಹಾಕಿದರೆ ನಡೆಯುತ್ತಾ?

ಸೆಕೆಂಡ್‌ಗೇರ್

ಗುರು, ಕಾರಿನ ಆಯಿಲ್ ಬೇಡ. ನಮ್ಮ ರೂಮಿನ ಹುಡುಗ ಹಾಕಿದ್ದ. ಆಮೇಲೆ ಏರಿನಲ್ಲಿ ಇಂಜಿನ್ ಬರೀ ಕೂಗೋದು, ಬೈಕ್ ಮುಂದಕ್ಕೇ ಹೋಗ್ತಿರಲಿಲ್ಲ. ಕ್ಲಚ್ ಜಾರ್ತಿತ್ತು.

ಕೊಪ್ಪದ_ಹಳೇ_ಸ್ಪ್ಯಾನರ್

ಇಂಜಿನ್ ಇಳಿಸೋ ಮಾತು ಬಿಡು ಮಾರಾಯ. ಪಕ್ಕದ ಮನೆಯವರು ಹೇಳಿದ್ದು ಕಾರಿನ ಲೆಕ್ಕ. ಕಾರಲ್ಲಿ ರೇಡಿಯೇಟರ್ ನೀರಿರುತ್ತೆ, ಗ್ಯಾಸ್ಕೆಟ್ ಹೋದರೆ ಅದು ಆಯಿಲ್‌ಗೆ ಬೆರೆಯುತ್ತೆ. ಸ್ಪ್ಲೆಂಡರ್ ಗಾಳಿಗೆ ತಣಿಯೋ ಇಂಜಿನ್, ಸೋರೋಕೆ ಒಳಗೆ ನೀರೇ ಇಲ್ಲ.

ನಿನ್ನ ಡೈರಿ ಓಡಾಟದ ಮೇಲೇ ನನಗೆ ಅನುಮಾನ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತೆ, ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುತ್ತೆ. ಇಂಜಿನ್ ಚೆನ್ನಾಗಿ ಕಾದರೆ ಬ್ರೀದರ್ ಪೈಪಲ್ಲಿ ಹೊರಗೆ ಹೋಗುತ್ತೆ. ಕಾಯೋ ಮೊದಲೇ ಆಫ್ ಮಾಡಿದರೆ ಅಲ್ಲೇ ನೀರಾಗಿ ಆಯಿಲ್ ಜೊತೆ ಕಡೆದುಕೊಳ್ಳುತ್ತೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಕೇಳೋದೇ ಬೇಡ. ಆದರೂ ಡಿಪ್‌ಸ್ಟಿಕ್ ಮುಚ್ಚಳದ ಓ-ರಿಂಗ್, ಅಂದರೆ ರಬ್ಬರ್ ಬಳೆ, ನೋಡು. ಚಪ್ಪಟೆಯಾಗಿದ್ದರೆ ಪ್ರೆಶರ್ ವಾಶ್ ನೀರು ಅಲ್ಲಿಂದಲೇ ಒಳಗೆ ಹೋಗುತ್ತೆ.

ಡೀಸೆಲ್ ಬೇಡ. ಅದು ಮೂಲೆಮೂಲೆಯಲ್ಲಿ ಉಳಿದು ಹೊಸ ಆಯಿಲನ್ನೇ ತೆಳು ಮಾಡುತ್ತೆ. ಕಡಿಮೆ ಬೆಲೆಯ ಬೈಕ್ ಆಯಿಲ್ ಹಾಕಿ ಒಂದು ಸಲ ಆಗುಂಬೆಗೆ ಹೋಗಿ ಬಾ, ಹೋಗೋಕೇ ಮೂವತ್ತು ಚಿಲ್ಲರೆ ಕಿಲೋಮೀಟರ್ ಆಗುತ್ತೆ. ಬಂದು ಬಿಸಿ ಇರುವಾಗಲೇ ಇಳಿಸಿ ಮತ್ತೆ ಹೊಸದು ಹಾಕು. ಅದೇ ತೊಳೆಯೋದು.

ಡಬ್ಬಿ ಮೇಲೆ 10ಡಬ್ಲ್ಯೂ-30 (ಆಯಿಲ್ ಎಷ್ಟು ದಪ್ಪ ಅನ್ನೋದು), ಜಾಸೋ ಎಂಎ (ಬೈಕ್ ಕ್ಲಚ್ಚಿಗೆ ಆಗುತ್ತೆ ಅನ್ನೋ ಗುರುತು) ಅಂತ ಇರಬೇಕು. ಎಂಬಿ ಅಂತಿದ್ದರೆ ಅದು ಸ್ಕೂಟರಿಂದು. ಬೈಕಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಒಂದೇ ಆಯಿಲ್. ಕೆಲವು ಕಾರ್ ಆಯಿಲಲ್ಲಿ ಜಾರಿಕೆಗೆ ಅಂತಲೇ ಏನೋ ಸೇರಿಸಿರ್ತಾರೆ, ಕ್ಲಚ್ ಪ್ಲೇಟಿಗೆ ಅದು ಆಗಿಬರೋಲ್ಲ. ಅಂಗಡಿಯವ ಆಯಿಲ್ ಫಿಲ್ಟರೂ ಬೇಕಾ ಅಂದರೆ ಬೇಡ ಅನ್ನು. ಇದಕ್ಕೆ ಪೇಪರ್ ಫಿಲ್ಟರೇ ಇಲ್ಲ. ಜಾಲರಿ ಒಂದಿದೆ, ಅದು ಕ್ಲಚ್ ಕವರ್ ಬಿಚ್ಚಿದಾಗ ತೊಳೆಯೋ ಸಾಮಾನು.

ಇನ್ನು ಡ್ರೈನ್ ಬೋಲ್ಟ್, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ಇಳಿಸೋ ಬೋಲ್ಟ್. ಹೊಸಬರು ಎಡವೋದು ಇಲ್ಲೇ. 17 ಎಂಎಂ ರಿಂಗ್ ಸ್ಪ್ಯಾನರ್ ಬೇಕು, ಅಡ್ಜಸ್ಟಬಲ್ ಹಾಕಿ ಮೂಲೆ ಸವೆಸಬೇಡ. ಬೋಲ್ಟ್ ತಲೆಕೆಳಗಾಗಿ ಕೂತಿರುತ್ತಲ್ಲ, ಮೇಲಿಂದ ಬಗ್ಗಿ ನೋಡಿದರೆ ತಿರುಗಿಸೋ ದಿಕ್ಕು ಉಲ್ಟಾ ಕಾಣುತ್ತೆ. ಬಿಚ್ಚೋಕೆ ಹೋಗಿ ಇನ್ನಷ್ಟು ಬಿಗಿ ಮಾಡಿ ಥ್ರೆಡ್ ಕಿತ್ತವರಿದ್ದಾರೆ. ಕೇಸ್ ಅಲ್ಯುಮಿನಿಯಂ, ಬೋಲ್ಟ್ ಉಕ್ಕು, ಸೋಲೋದು ಕೇಸೇ. ನೆಲದ ಮೇಲೆ ಮಲಗಿ ಕೆಳಗಿಂದ ನೋಡಿ ಎಡಕ್ಕೆ ತಿರುಗಿಸು. ವಾಪಸ್ ಹಾಕುವಾಗ ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ಹತ್ತಬೇಕು.

ಆಯಿಲ್ ಪೂರ್ತಿ ಸುರೀಬೇಡ. 900 ಎಂಎಲ್ ಡಬ್ಬಿಯಲ್ಲಿ ಸ್ವಲ್ಪ ಉಳಿಸಿಕೊಂಡು ಹಾಕು, ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಬಿಡು, ಆಫ್ ಮಾಡಿ ಅಷ್ಟೇ ಹೊತ್ತು ಕಾಯಿ. ಆಮೇಲೆ ಡಬಲ್ ಸ್ಟ್ಯಾಂಡಲ್ಲೇ ಡಿಪ್‌ಸ್ಟಿಕ್ ಒರೆಸಿ ಇಳಿಸಿ ನೋಡು. ತಿರುಪಬೇಡ, ಸುಮ್ಮನೆ ಕೂರಿಸು. ಮೇಲಿನ ಗೆರೆ ದಾಟಬಾರದು.

ಅಡಿಕೆತೋಟದ_ಹುಡುಗ

ಅಣ್ಣಾ, ತುಂಬಾ ಉಪಕಾರ ಆಯ್ತು. ಹಳೇ ಆಯಿಲ್ ಕೊಟ್ಟಿಗೆ ಕಂಬಕ್ಕೆ ಬಳೀತೀನಿ ಅಂತಿದ್ದಾರೆ ಅಪ್ಪ, ಗೆದ್ದಲು ಬರೋಲ್ಲವಂತೆ.

ಕೊಪ್ಪದ_ಹಳೇ_ಸ್ಪ್ಯಾನರ್

ಕೊಟ್ಟಿಗೆಗಂತೂ ಬೇಡ, ದನ ಕಂಬ ನೆಕ್ಕುತ್ವೆ. ತೋಟದ ಕಪ್ಪಿಗೂ (ನೀರು ಬಸಿಯೋ ಕಾಲುವೆ) ಚೆಲ್ಲಬೇಡಿ, ಇಳಿದು ಬಾವಿ ಸೇರುತ್ತೆ. 2016ರ ನಿಯಮದಲ್ಲೇ ಹಳೇ ಆಯಿಲ್ ಅಪಾಯಕಾರಿ ತ್ಯಾಜ್ಯದ ಲೆಕ್ಕ. ಕ್ಯಾನಿಗೆ ತುಂಬಿ ಪೇಟೆಯ ದೊಡ್ಡ ಸರ್ವಿಸ್ ಸೆಂಟರಿಗೆ ಕೊಡಿ. ಅಪ್ಪಯ್ಯನಿಗೆ ನಾನು ಹೇಳಿದೆ ಅಂತ ಹೇಳಬೇಡ, ಬೈತಾರೆ.

ಅಡಿಕೆತೋಟದ_ಹುಡುಗ

ಬಿಚ್ಚಿದೆ. ಓ-ರಿಂಗ್ ಬಿರುಕು ಬಿಟ್ಟಿದೆ. ಡ್ರೈನ್ ಬೋಲ್ಟಿಗೆ ವಾಶರ್ ಬದಲು ಯಾರೋ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದಾರೆ!

ಕೊಪ್ಪದ_ಹಳೇ_ಸ್ಪ್ಯಾನರ್

ಅದನ್ನ ಬಿಸಾಕು. ಅಂಗಡಿಗೆ ಬೋಲ್ಟನ್ನೂ ಹಳೇ ಓ-ರಿಂಗನ್ನೂ ತಗೊಂಡೇ ಹೋಗು, ಅಳತೆ ಹೇಳೋ ತಾಪತ್ರಯ ಇರಲ್ಲ. ವಾಶರ್ ಎರಡು ತಾ, ಆಗುಂಬೆಯಿಂದ ಬಂದ ಮೇಲೆ ಮತ್ತೆ ಬಿಚ್ಚಬೇಕಲ್ಲ.