ಹೋಗುವಾಗ ಎರಡು ಗಂಟೆ, ಬರುವಾಗ ಐದು?

ಕಾಪು ಮಾವ (ಫಾರ್ವರ್ಡ್): ಮಂಗಳೂರು–ದುಬೈ ಬರೀ 2 ಗಂಟೆ 15 ನಿಮಿಷ! ವಾಪಸ್ ಬರುವಾಗ 4 ಗಂಟೆ 45 ನಿಮಿಷ! ಭೂಮಿ ತಿರುಗುವುದರಿಂದ ದುಬೈ ನಮ್ಮೆದುರಿಗೇ ಬರುತ್ತದೆ. ಎಲ್ಲರಿಗೂ ಕಳಿಸಿ.

ಕಾಪು ಮಾವ: ಅಕ್ಕನ ಟಿಕೆಟಲ್ಲೂ ಹಾಗೇ ಉಂಟು. 9:00ಕ್ಕೆ ಬಿಟ್ಟು 11:15ಕ್ಕೆ ಮುಟ್ತದೆ.

ದೊಡ್ಡಮ್ಮ: ಹೌದು ಮಾರಾಯ. ಬೆಳಿಗ್ಗೆ ಎರಡು ಇಡ್ಲಿ ತಿಂದು ಹೊರಟ್ರೆ ಊಟಕ್ಕೆ ಮಗಳ ಮನೆ. ಇನ್ಸುಲಿನ್ ಎಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿಯಾಯ್ತು.

ನಾನು: ದೊಡ್ಡಮ್ಮ, ಮೊದಲು ಅದನ್ನು ಹೊರಗೆ ತೆಗೀರಿ. ಮಾವ, ಇದು ತಪ್ಪು. 9:00 ನಮ್ಮ ಗಂಟೆ, 11:15 ದುಬೈ ಗಂಟೆ. ಅವರು ನಮಗಿಂತ ಒಂದೂವರೆ ಗಂಟೆ ಹಿಂದೆ. ಇಳಿಯುವಾಗ ಇಲ್ಲಿ 12:45 ಆಗಿರ್ತದೆ. ಅಂದ್ರೆ 3 ಗಂಟೆ 45 ನಿಮಿಷದ ಪ್ರಯಾಣ.

ಕಾಪು ಮಾವ: ಭೂಮಿ ತಿರುಗುದು ಸುಳ್ಳಾ ಹಾಗಾದ್ರೆ?

ನಾನು: ತಿರುಗ್ತದೆ, ಗಾಳಿಯನ್ನೂ ವಿಮಾನವನ್ನೂ ಕಟ್ಟಿಕೊಂಡೇ ತಿರುಗ್ತದೆ. ಮತ್ಸ್ಯಗಂಧ ರೈಲಲ್ಲಿ ಕೂತು ಚೆಂಡು ಮೇಲೆ ಎಸೆದ್ರೆ ಹಿಂದಿನ ಬೋಗಿಗೆ ಹೋಗಿ ಬೀಳ್ತದಾ? ನಿಮ್ಮ ಕೈಗೇ ಬರ್ತದೆ. ನಮ್ಮ ಊರಲ್ಲಿ ಭೂಮಿ ಗಂಟೆಗೆ 1,600 ಕಿ.ಮೀ.ಗಿಂತ ಜೋರು ತಿರುಗುದು. ಫಾರ್ವರ್ಡಿನ ಲೆಕ್ಕ ಸಮ ಇದ್ರೆ ಬಜಪೆ ಏರ್‌ಪೋರ್ಟಿನ ಮೇಲೆ ಒಂದೂವರೆ ಗಂಟೆ ಸುಮ್ಮನೆ ನಿಂತ್ರೂ ದುಬೈ ಬರಬೇಕಿತ್ತು.

ಮಣಿಪಾಲದ ತಮ್ಮ: ಗಾಳಿಯಿಂದ ಇರಬಹುದು ಅಕ್ಕ. ಬರುವಾಗ ಎದುರುಗಾಳಿ.

ನಾನು: ಉಲ್ಟಾ ಹೇಳಿದಿ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರು. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ವಾಪಸ್ ಟಿಕೆಟಿನ 4 ಗಂಟೆ 45 ನಿಮಿಷದಲ್ಲಿ ಒಂದೂವರೆ ಗಂಟೆ ಕಳಿ, 3 ಗಂಟೆ 15 ನಿಮಿಷ. ಬರುದೇ ಬೇಗ. ದೂರ ಎರಡೂ ಕಡೆ ಒಂದೇ, ನೇರ ಗೆರೆಯಲ್ಲಿ ಸುಮಾರು 2,450 ಕಿ.ಮೀ. ಅದನ್ನು ಎರಡು ಗಂಟೆಯಲ್ಲಿ ಮುಗಿಸ್ಲಿಕ್ಕೆ ಗಂಟೆಗೆ 1,200 ಕಿ.ಮೀ. ಮೇಲೆ ಹಾರಬೇಕು. ಈ ವಿಮಾನಗಳು ಹಾರುದು 850ರ ಆಸುಪಾಸಲ್ಲಿ.

ಕಾಪು ಮಾವ: ಸಣ್ಣ ವಿಷಯಕ್ಕೆ ಇಷ್ಟು ಯಾಕೆ? ಒಂದೂವರೆ ಗಂಟೆ ಹೆಚ್ಚು-ಕಮ್ಮಿ.

ನಾನು: ನಮಗೆ ಸಣ್ಣದು ಮಾವ, ಶುಗರ್ ಇರುವವರಿಗೆ ಅಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಮೂರು ಗಂಟೆ ಮೊದಲೇ ಏರ್‌ಪೋರ್ಟಲ್ಲಿ ಇರಬೇಕು, ಉಡುಪಿಯಿಂದ ಬಜಪೆಗೆ ಒಂದೂವರೆ ಗಂಟೆ ಹಿಡೀರಿ. ಅಂದ್ರೆ ಮನೆ ಬಿಡುದು 4:30ಕ್ಕೆ. ಇಳಿದ ಮೇಲೆ ಇಮಿಗ್ರೇಶನ್, ಲಗೇಜು. ಹೊರಗೆ ಬರುವಾಗ ನಮ್ಮ ಗಂಟೆ ಎರಡರ ಹತ್ತಿರ. ಒಂಬತ್ತು ಗಂಟೆ ಹೊತ್ತು ಎರಡು ಇಡ್ಲಿಯಲ್ಲಾ? ದುಬೈಯಲ್ಲಿ 11:15 ಅಂತ ಬರೆದಿದ್ರೆ ದೊಡ್ಡಮ್ಮನ ಹೊಟ್ಟೆಗೆ ಗೊತ್ತಾಗ್ತದಾ?

ಮಣಿಪಾಲದ ತಮ್ಮ: ಇನ್ಸುಲಿನ್ ಲಗೇಜಿಗೆ ಹಾಕ್ಲೇಬಾರದು ದೊಡ್ಡಮ್ಮ. ವಿಮಾನದ ಅಡಿಯಲ್ಲಿ ಚಳಿಗೆ ಹೆಪ್ಪುಗಟ್ಟಿದ್ರೆ ಮತ್ತೆ ಉಪಯೋಗಕ್ಕಿಲ್ಲ. ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲಿ ಇಡಿ.

ಕಾಪು ಮಾವ: ಸರಿ, ಮೆಸೇಜು ಡಿಲೀಟ್ ಮಾಡ್ದೆ. ನಾಲ್ಕೂವರೆಗೆ ಕಾರು ತರ್ತೇನೆ ಅಕ್ಕ.

ದೊಡ್ಡಮ್ಮ: ಸೂಟ್‌ಕೇಸ್ ಬಿಚ್ಚಿದೆ. ಹಲಸಿನ ಹಪ್ಪಳದ ಕಟ್ಟಿನ ಅಡಿಯಲ್ಲಿತ್ತು, ಸಿಕ್ಕಿತು. ಕೈಗಡಿಯಾರ ಅಲ್ಲಿ ಹೋಗಿ ಹಿಂದೆ ತಿರುಗಿಸಬೇಕಾ?

ನಾನು: ಆ ದಿನ ಮುಟ್ಟಬೇಡಿ. ದುಬೈ ಗಂಟೆ ಮೊಬೈಲ್ ತೋರಿಸ್ತದೆ. ಊಟ, ಇನ್ಸುಲಿನ್ ಕೈಗಡಿಯಾರ ನೋಡಿಯೇ. ಡಬ್ಬಿಗೆ ಇನ್ನೂ ನಾಲ್ಕು ಇಡ್ಲಿ ಹಾಕಿ.